ಯಾರೂ ನಿಲ್ಲದ ವಾರ್ಡು

ನಾನು ಕೆಲಸದ ಮೇಲೆ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಹೋಗಿ ಆರೇಳು ತಿಂಗಳಾಗಿತ್ತು. ಒಂದು ದಿನ ಬಾಡಿಗೆ ಮನೆಯ ಬಾಗಿಲ ಸಂದಿಯಿಂದ ಒಂದು ಕಾಗದ ಬಂದು ಬಿತ್ತು. ಮೇಲೆ ವೆಲ್ಷ್, ಕೆಳಗೆ ಇಂಗ್ಲಿಷ್. ಮತದಾರರ ಪಟ್ಟಿಗೆ ನಿಮ್ಮ ಹೆಸರು ಸೇರಿದೆ, ಮೇ 5ರಂದು ಇಂಥ ಕಡೆ ಬಂದು ವೋಟು ಹಾಕಿ ಅಂತ. ಜೊತೆಗಿದ್ದ ಹೈದರಾಬಾದಿನ ಗೆಳತಿ, "ಇದೇನೋ ಮೋಸದ್ದು ಕಣೇ, ಡೀಟೇಲ್ಸ್ ಕೊಡಬೇಡ" ಅಂದಳು. ನಂಗೂ ಹಾಗೇ ಅನಿಸಿತ್ತು. ಪಾಸ್‌ಪೋರ್ಟ್ ಇಂಡಿಯಾದ್ದು, ವೀಸಾ ಮೇಲೆ ಬಂದವಳು, ನಂಗ್ಯಾಕೆ ಇಲ್ಲಿ ವೋಟು?

ಆಮೇಲೆ ಗೊತ್ತಾಯ್ತು, ಮೋಸ ಅಲ್ಲ. ಭಾರತ ಕಾಮನ್‌ವೆಲ್ತ್ ದೇಶ ಆಗಿರೋದರಿಂದ ಅಲ್ಲಿ ಕಾನೂನುಬದ್ಧವಾಗಿ ವಾಸ ಇರುವ ಭಾರತೀಯರಿಗೆ ಮತದಾನದ ಹಕ್ಕು ಇದೆ. ಪಂಚಾಯ್ತಿ ಮಟ್ಟದಿಂದ ಹಿಡಿದು ಪಾರ್ಲಿಮೆಂಟಿನವರೆಗೆ. ಬ್ರಿಟಿಷರು ಬಿಟ್ಟುಹೋದ ಋಣಗಳಲ್ಲಿ ಇದೂ ಒಂದು. ವೇಲ್ಸ್‌ನಲ್ಲಂತೂ 2021ರ ಕಾನೂನು ಇನ್ನೂ ಮುಂದೆ ಹೋಗಿ, ಸ್ಥಳೀಯ ಚುನಾವಣೆಯಲ್ಲಿ 16 ತುಂಬಿದವರಿಗೂ, ಬೇರೆ ಬೇರೆ ದೇಶದಿಂದ ಬಂದು ನೆಲೆಸಿದವರಿಗೂ ವೋಟು ಕೊಟ್ಟಿತ್ತು. 2022ರದ್ದು ಆ ಕಾನೂನಿನ ಮೊದಲ ಕೌನ್ಸಿಲ್ ಚುನಾವಣೆ.

ನಾಚಿಕೆಯ ವಿಷಯ ಒಂದು ಹೇಳಿಬಿಡ್ತೀನಿ. ಸ್ಥಳೀಯ ಸಂಸ್ಥೆಗೆ ಅಂತ ನಾನು ಜೀವನದಲ್ಲಿ ಹಾಕಿದ ಮೊದಲ ವೋಟು ಅದು, ಕಾರ್ಡಿಫ್‌ನ ಕೆಥೇಸ್ ವಾರ್ಡಿನಲ್ಲಿ. ಕೆಲಸ ಸಿಕ್ಕಮೇಲೆ ಊರಿನ ಪಟ್ಟಿಯಿಂದ ಹೆಸರು ತೆಗೆಸಿ ಬೆಂಗಳೂರಿಗೆ ಹಾಕಿಸಿಕೊಂಡೆ. ಬೆಂಗಳೂರಲ್ಲಿ 2015ರ ಆಗಸ್ಟ್ ನಂತರ ಪಾಲಿಕೆ ಚುನಾವಣೆಯೇ ನಡೆದಿಲ್ಲ. 198 ವಾರ್ಡು 243 ಆಯ್ತು, 225 ಆಯ್ತು, ಪಾಲಿಕೆಯೇ ಐದು ಆಯ್ತು. ನನ್ನ ಬೆರಳಿಗೆ ಶಾಯಿ ಮಾತ್ರ ಬೀಳಲಿಲ್ಲ.

ಕಾರ್ಡಿಫ್‌ನಲ್ಲೂ ಶಾಯಿ ಬೀಳಲಿಲ್ಲ ಅನ್ನಿ. ಅಲ್ಲಿ ಬೆರಳಿಗೆ ಏನೂ ಹಚ್ಚಲ್ಲ. ಐಡಿ ಕೂಡ ಕೇಳಲಿಲ್ಲ. ಹೆಸರು, ವಿಳಾಸ ಹೇಳಿದೆ, ಅಳತೆಪಟ್ಟಿ ಇಟ್ಟು ಪಟ್ಟಿಯಲ್ಲಿ ಗೆರೆ ಎಳೆದರು, ಚೀಟಿ ಕೊಟ್ಟರು. ಮರದ ಗೂಡಿನೊಳಗೆ ದಾರ ಕಟ್ಟಿದ ಪೆನ್ಸಿಲ್. ಪೆನ್ಸಿಲ್! ಹೊರಗೆ ಒಬ್ಬರ ನಾಯಿ ಕಾಯ್ತಾ ಇತ್ತು. ಆ ವಾರ್ಡಿಗೆ ನಾಲ್ಕು ಸದಸ್ಯರು, ಹಾಗಾಗಿ ಒಂದೇ ಚೀಟಿಯಲ್ಲಿ ನಾಲ್ಕು ಕ್ರಾಸ್ ಹಾಕಬಹುದು. ನಮ್ಮ ಗ್ರಾಮ ಪಂಚಾಯ್ತಿಯಲ್ಲೂ ಹಾಗೇ ಅಲ್ವಾ, ಒಂದು ಕ್ಷೇತ್ರಕ್ಕೆ ಮೂವರಿದ್ದರೆ ಮೂರು ವೋಟು. ಅಮ್ಮನಿಗೆ ಫೋನಲ್ಲಿ ಹೇಳಿದಾಗ ಅವಳಿಗೆ ಚಟ್ಟನೆ ಅರ್ಥವಾಯ್ತು, ನನ್ನ ಟೀಮಿನವರಿಗೆ ಅರ್ಥ ಮಾಡಿಸೋಕೆ ಹತ್ತು ನಿಮಿಷ ಹಿಡೀತು.

ಆದರೆ ನಾನು ಹೇಳೋಕೆ ಹೊರಟಿದ್ದು ಕೆಥೇಸ್ ಬಗ್ಗೆ ಅಲ್ಲ. ಚುನಾವಣೆಯ ಹಿಂದಿನ ವಾರ ಆಫೀಸಿನಲ್ಲಿ ಟೀ ಕುಡಿಯುವಾಗ ಯಾರಿಗೆ ವೋಟು ಅನ್ನೋ ಮಾತು ಬಂತು. ನಮ್ಮ ಟೆಸ್ಟಿಂಗ್ ತಂಡದ ಒಬ್ಬರು ಪೌಯಿಸ್ ಕೌಂಟಿಯವರು, ಬ್ರೆಕನ್ ಪಟ್ಟಣದ ಹತ್ತಿರದ ಹಳ್ಳಿ. ಅವರು ನಗ್ತಾ ಹೇಳಿದರು: "ನಿಮಗೆ ಯಾರನ್ನ ಆರಿಸೋದು ಅನ್ನೋ ಚಿಂತೆ. ಹೋದ ಸಲ ನಮ್ಮ ವಾರ್ಡಿನಲ್ಲಿ ಒಬ್ಬರೂ ನಿಂತಿರಲಿಲ್ಲ."

ಅವಿರೋಧ ಆಯ್ಕೆಯಾ ಅಂತ ಕೇಳಿದೆ. ಅಲ್ಲ ಅಂದರು. ಅವಿರೋಧಕ್ಕೂ ಒಬ್ಬರು ಬೇಕಲ್ಲ. ಇಲ್ಲಿ ಒಂದು ನಾಮಪತ್ರವೂ ಬರಲಿಲ್ಲ.

ವಾರ್ಡಿನ ಹೆಸರನ್ನು ನಾನು ಸ್ಪೆಲಿಂಗ್ ನೋಡಿ 'ಯಸ್ಕಿರ್' ಅಂದೆ. ಅವರು ತಿದ್ದಿದರು, 'ಅಸ್ಕಿರ್'. ವೆಲ್ಷ್‌ನಲ್ಲಿ ಆ ಅಕ್ಷರ ಅಲ್ಲಿ ನಮ್ಮ 'ಅ' ತರಹ. ಅಸ್ಕಿರ್ ಅನ್ನೋದು ಒಂದು ಸಣ್ಣ ಹೊಳೆ. ಅದು ಅಸ್ಕ್ ನದಿಗೆ ಸೇರುವ ಜಾಗ ಅಬೆರಸ್ಕಿರ್. 'ಅಬೆರ್' ಅಂದರೆ ಹೊಳೆ ಹೋಗಿ ಸೇರುವ ಬಾಯಿ. ನಮ್ಮಲ್ಲಿ ಕೂಡಲಿ ಅಂತೀವಲ್ಲ, ಸುಮಾರು ಹಾಗೆ. ಅದರ ಸುತ್ತ ಕ್ರಾಡಕ್, ಬ್ಯಾಟಲ್ ಅಂತ ಒಂದೆರಡು ಹಳ್ಳಿ, ಮಿಕ್ಕಿದ್ದೆಲ್ಲ ಹೊಲ, ಬೇಲಿ, ಕುರಿ. ಪೌಯಿಸ್ ಕೌಂಟಿ ವೇಲ್ಸ್‌ನ ಸುಮಾರು ಕಾಲುಭಾಗದಷ್ಟು ಜಾಗ ಹರಡಿಕೊಂಡಿದೆ, ಜನ ಮಾತ್ರ ಒಂದು ಲಕ್ಷ ಮೂವತ್ತು ಸಾವಿರ ಚಿಲ್ಲರೆ. ಬೆಂಗಳೂರಿನ ಮೂರ್ನಾಲ್ಕು ವಾರ್ಡು ಸೇರಿದರೆ ಮುಗೀತು.

2017ರ ಮೇ 4ರಂದು ವೇಲ್ಸ್ ತುಂಬ ಕೌನ್ಸಿಲ್ ಚುನಾವಣೆ. ಪೌಯಿಸ್‌ನಲ್ಲಿ 73 ಸೀಟು. 72ಕ್ಕೆ ಸದಸ್ಯರು ಸಿಕ್ಕರು, ಒಂದು ಖಾಲಿ. ಅದು ಅಸ್ಕಿರ್. ಆಗ ನಾಮಪತ್ರಕ್ಕೆ ಬೇಕಿದ್ದದ್ದು ಅದೇ ವಾರ್ಡಿನ ಹತ್ತು ಮತದಾರರ ಸಹಿ. ಕೌನ್ಸಿಲ್ ಚುನಾವಣೆಗೆ ಅಲ್ಲಿ ಠೇವಣಿ ಇಲ್ಲ, ಒಂದು ಪೈಸೆ ಕಟ್ಟಬೇಕಿಲ್ಲ. ಗೆದ್ದರೆ ವರ್ಷಕ್ಕೆ ಹದಿಮೂರು ಸಾವಿರ ಪೌಂಡಿನ ಮೇಲೆ ಗೌರವಧನ. ಆದರೂ ಯಾರೂ ಬರಲಿಲ್ಲ. ಇಂಥ ಸಂದರ್ಭದಲ್ಲಿ ಮತ್ತೆ ಹೊಸದಾಗಿ ನಾಮಪತ್ರ ಕರೆದು ಚುನಾವಣೆ ಮಾಡಬೇಕು ಅಂತ ನಿಯಮ. ಹಾಗೆ ಮಾಡಿದ ಮೇಲೆ ಸೀಟು ಕನ್ಸರ್ವೇಟಿವ್ ಪಕ್ಷದ ಪಾಲಾಯಿತು. 2022ಕ್ಕೆ ಗಡಿಗಳನ್ನೆಲ್ಲ ಮತ್ತೆ ಎಳೆದು ಪೌಯಿಸ್ ಸದಸ್ಯರ ಸಂಖ್ಯೆಯನ್ನ 68ಕ್ಕೆ ಇಳಿಸಿದರು. ಆಗ ಅಸ್ಕಿರ್ ಅನ್ನೋ ಒಂಟಿ ಹೆಸರಿನ ವಾರ್ಡು ಹೋಗಿ, ಪಕ್ಕದ ಹೊಂದ್ದಿ ಇಸಾವ್, ಲ್ಲಾನ್ದಿಯು ಜೊತೆ ಸೇರಿಕೊಂಡು ಉದ್ದ ಹೆಸರಿನ ಹೊಸ ವಾರ್ಡಾಯ್ತು. ಹಳೇ ವಾರ್ಡಿನ ಬಗ್ಗೆ ಜನ ನೆನಪಿಟ್ಟುಕೊಂಡಿರೋದು ಒಂದೇ ವಿಷಯ, ಯಾರೂ ನಿಲ್ಲದ್ದು. ಪಾಪ.

ಇದೊಂದೇ ವಾರ್ಡಿನ ಕತೆ ಅಂತಲೂ ಅಲ್ಲ. ಆ 2017ರ ಚುನಾವಣೆಯಲ್ಲಿ ವೇಲ್ಸ್‌ನಲ್ಲಿ 92 ವಾರ್ಡುಗಳಲ್ಲಿ ಎದುರಾಳಿಯೇ ಇರಲಿಲ್ಲ. 2022ರಲ್ಲಿ ಹೀಗೆ ಅವಿರೋಧ ಆದ ಸೀಟುಗಳು 74. ಅದರಲ್ಲಿ ಗ್ವಿನೆದ್ ಅನ್ನೋ ಒಂದೇ ಕೌಂಟಿಯಲ್ಲಿ 69ಕ್ಕೆ 28. ಅಂದರೆ ನನಗೆ ಬಾಗಿಲಿಗೇ ಬಂದು ವೋಟು ಕೊಟ್ಟ ಆ ವರ್ಷವೇ, ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಸಾವಿರ ಜನಕ್ಕೆ ಪೆನ್ಸಿಲ್ ಹಿಡಿಯುವ ಕೆಲಸವೇ ಇರಲಿಲ್ಲ. ಮೊದಲ ಸಲ ವೋಟು ಹಾಕಬೇಕಿದ್ದ ಹದಿನಾರರ ಹುಡುಗ ಹುಡುಗಿಯರಿಗೂ ಸೇರಿ.

ಆ ರಾತ್ರಿ ಹಳೇ ಫಲಿತಾಂಶಗಳ ಪಟ್ಟಿಗಳನ್ನ ನೋಡ್ತಾ ಕೂತೆ. ವೇಲ್ಸ್‌ನ ಈಗಿನ 22 ಕೌನ್ಸಿಲ್‌ಗಳು ಶುರುವಾಗಿದ್ದು 1996ರ ಏಪ್ರಿಲ್ 1ಕ್ಕೆ, ಮೊದಲ ಚುನಾವಣೆ ಅದಕ್ಕೂ ಮುಂಚೆ 1995ರಲ್ಲಿ. ಆಮೇಲೆ 1999, 2004, 2008, 2012, 2017, 2022. ಪೌಯಿಸ್‌ನಲ್ಲಿ ಬಹಳ ವರ್ಷ ಪಕ್ಷೇತರರದ್ದೇ ರಾಜ್ಯಭಾರ, ಪಕ್ಷಗಳ ಹೆಸರು ಹಿಡಿದು ಓಟು ಕೇಳುವ ರೂಢಿ ಹಳ್ಳಿ ಕಡೆ ಕಡಿಮೆ. ಹೀಗಾಗಿ ಅವಿರೋಧ ಅನ್ನೋ ಪದ ಆ ಪಟ್ಟಿಗಳಲ್ಲಿ ಸಿಕ್ತಾನೇ ಇರುತ್ತೆ. ಹೆಸರಿನ ಮುಂದೆ ಮತಗಳ ಕಾಲಂ ಇರುತ್ತಲ್ಲ, ಅಲ್ಲಿ ಬರೀ ಒಂದು ಅಡ್ಡಗೆರೆ. ಡೇಟಾಬೇಸ್ ಜೊತೆ ದಿನಾ ಗುದ್ದಾಡುವ ನಮಗೆ ಸೊನ್ನೆಗೂ ಖಾಲಿಗೂ ವ್ಯತ್ಯಾಸ ಚೆನ್ನಾಗಿ ಗೊತ್ತು. ಸೊನ್ನೆ ಅಂದರೆ ಎಣಿಸಿದ್ದೀವಿ, ಏನೂ ಸಿಗಲಿಲ್ಲ ಅಂತ. ಖಾಲಿ ಅಂದರೆ ಯಾರೂ ಎಣಿಸಲೇ ಇಲ್ಲ. 2004ರಲ್ಲಿ ನಮ್ಮ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಎ.ಆರ್. ಕೃಷ್ಣಮೂರ್ತಿಯವರು ಆರ್. ಧ್ರುವನಾರಾಯಣ ಅವರ ಎದುರು ಒಂದೇ ಒಂದು ಮತದಲ್ಲಿ ಸೋತರು. ಆ ಸೋಲಿಗೂ ಒಂದು ಲೆಕ್ಕ ಇದೆ. ಅಡ್ಡಗೆರೆಗೆ ಏನು ಲೆಕ್ಕ?

ನಂಗೆ ನಿದ್ದೆ ಬರದಿದ್ದಕ್ಕೆ ಕಾರಣ ವೇಲ್ಸ್ ಅಲ್ಲ. ನಾನೇ ಒಂದು ಅಡ್ಡಗೆರೆ ಎಳೆದವಳು.

2010ರ ಮೇ ತಿಂಗಳು. ನಾನು ಎಸ್ಸೆಸ್ಸೆಲ್ಸಿ ಬರೆದು ರಜೆಯಲ್ಲಿದ್ದೆ. ನಮ್ಮೂರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಕಡೆ, ಹೆಸರು ಬೇಡ. ಆ ಸಲ ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂತ ಆಗಿತ್ತು, ನಮ್ಮ ಕ್ಷೇತ್ರದಲ್ಲೂ ಒಂದು ಮಹಿಳೆಗೆ ಬಂತು. ಅಮ್ಮ ಏಳನೇ ಕ್ಲಾಸ್ ಓದಿದವಳು, ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಅವಳ ಹತ್ತಿರವೇ ಇರ್ತಿತ್ತು. ನಮ್ಮ ಕೇರಿಗೆ ನೀರಿನ ಸಿಸ್ಟನ್ ಕಟ್ಟಿ ಎರಡು ವರ್ಷವಾಗಿತ್ತು, ಪೈಪ್ ಎಳೆದಿರಲಿಲ್ಲ. ಅದಕ್ಕೆ ಪಂಚಾಯ್ತಿ ಆಫೀಸಿಗೆ ಅಲೆದೂ ಅಲೆದೂ ಅವಳಿಗೆ ಸಿಟ್ಟು ಬಂದಿತ್ತು. "ಕೇಳಕ್ಕೆ ಹೋದ್ರೆ ಹೊರಗೆ ನಿಲ್ಲಿಸ್ತಾರೆ, ಒಳಗೆ ಹೋಗೇ ಕೇಳ್ತೀನಿ" ಅಂತ ಒಬ್ಬಳೇ ಹೋಗಿ ನಾಮಪತ್ರ ಹಾಕಿ ಬಂದಳು. ಅಪ್ಪನಿಗೂ ಹೇಳಿರಲಿಲ್ಲ. ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸೋಕೆ ಅಂತ ಮೊಳಕಾಲ್ಮೂರಿಗೆ ಬಸ್ಸಲ್ಲಿ ಹೋಗಿದ್ದಳಂತೆ. ಮದುವೆ ಫೋಟೋ ಬಿಟ್ಟರೆ ಅವಳೊಬ್ಬಳೇ ಇರುವ ಮೊದಲ ಫೋಟೋ ಅದು.

ಇನ್ನೊಬ್ಬರು ನಾಮಪತ್ರ ಹಾಕಿದ್ದು ಊರಿನ ದೊಡ್ಡಮನೆಯ ಸೊಸೆ. ಆಯಮ್ಮನ ಮೇಲೆ ನಂಗೇನೂ ಸಿಟ್ಟಿಲ್ಲ, ಆಯಮ್ಮನನ್ನ ಯಾರು ಕೇಳಿದ್ದರೋ ಏನೋ. ನಾಮಪತ್ರ ವಾಪಸ್ ತಗೊಳ್ಳೋ ಹಿಂದಿನ ದಿನ ಸಂಜೆ ನಾಲ್ಕೈದು ಜನ ಹಿರಿಯರು ನಮ್ಮ ಮನೆ ಜಗಲಿಗೆ ಬಂದು ಕೂತರು. ಜಗಳ ಏನಿಲ್ಲ, ಗದರಲೂ ಇಲ್ಲ. "ನೋಡಮ್ಮ ತಾಯಿ, ಊರಲ್ಲಿ ಎಲೆಕ್ಷನ್ ಆದ್ರೆ ಎರಡು ಪಾರ್ಟಿ ಆಗುತ್ತೆ. ನಾಳೆ ಜಾತ್ರೆಗೆ ಒಬ್ಬರು ಬಂದ್ರೆ ಒಬ್ಬರು ಬರಲ್ಲ. ಅವಿರೋಧ ಆದ್ರೆ ಊರಿಗೇ ಮರ್ಯಾದೆ. ಅವರು ಗುಡಿಗೆ ಶೀಟ್ ಹಾಕಿಸಿಕೊಡ್ತೀವಿ ಅಂದಿದಾರೆ." ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಅಮ್ಮ ಬಾಗಿಲ ಹತ್ತಿರ ನಿಂತು ಕೇಳಿದಳು, "ಪೈಪು?" ಅಂತ. "ಅದೂ ಆಗುತ್ತೆ ಬಿಡಮ್ಮ" ಅಂದರು.

ಫಾರಂ ಅವರೇ ತಂದಿದ್ದರು. ನನ್ನ ಅಕ್ಷರ ದುಂಡಗೆ, ಶಾಲೆಯಲ್ಲಿ ಬಹುಮಾನ ಬಂದಿತ್ತು, ಊರಿನ ಅರ್ಜಿಗಳನ್ನೆಲ್ಲ ನನ್ನ ಕೈಲೇ ಬರೆಸೋರು. "ಬರೆಯಮ್ಮ" ಅಂದರು, ಬರೆದೆ. ಅಮ್ಮನ ಹೆಸರು, ಕ್ಷೇತ್ರ, ನನ್ನ ಉಮೇದುವಾರಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ ಅಂತ. ಅಮ್ಮ ನನ್ನ ಮುಖ ನೋಡಿದಳು. ನಾನು ನಿಜ ಹೇಳಬೇಕು, ಆಗ ನಂಗೆ ಸಮಾಧಾನವೇ ಆಗಿತ್ತು. ಅಮ್ಮನ ಫೋಟೋ ಗೋಡೆ ಮೇಲೆ ಅಂಟಿಸಿ, ಹುಡುಗರು ಅದಕ್ಕೆ ಮೀಸೆ ಬರೆದು, ಆಮೇಲೆ ಅವಳು ಸೋತು... ಅದೆಲ್ಲ ಬೇಡ ಅನಿಸಿತ್ತು. "ಹಾಕಮ್ಮ ಸೈನು" ಅಂದೆ. ಹಾಕಿದಳು.

ಗುಡಿಗೆ ಶೀಟ್ ಬಂತು. ಪೈಪ್ ಬರೋಕೆ ಇನ್ನೂ ಮೂರು ವರ್ಷ ಹಿಡೀತು.

ಚುನಾವಣೆ ಎಲ್ಲ ಮುಗಿದ ಮೇಲೆ ಜೂನ್ ಕೊನೆಯ ಒಂದು ಶನಿವಾರ ಅಸ್ಕಿರ್ ನೋಡೋಕೆ ಹೋದೆ. ಕಾರ್ಡಿಫ್‌ನಿಂದ ಟಿ4 ಬಸ್ಸು, ಬೆಟ್ಟ ಹತ್ತಿ ಇಳಿದು ಬ್ರೆಕನ್‌ಗೆ ಬಿಡುತ್ತೆ. ದಾರಿಯಲ್ಲಿ ದಕ್ಷಿಣ ವೇಲ್ಸ್‌ನ ಎತ್ತರದ ಶಿಖರ ಪೆನ್ ಅ ವಾನ್. 886 ಮೀಟರ್ ಅಷ್ಟೇ. ನಮ್ಮ ಮುಳ್ಳಯ್ಯನಗಿರಿ ಮುಂದೆ ಅರ್ಧವೂ ಇಲ್ಲ, ಆದರೆ ಅದರ ಮೇಲೆ ನಿಂತ ಜನರ ಫೋಟೋ ನೋಡಿದರೆ ಹಿಮಾಲಯ ಹತ್ತಿದಂಗಿರುತ್ತೆ. ಬ್ರೆಕನ್‌ನಿಂದ ಪಶ್ಚಿಮಕ್ಕೆ ಐದು ಕಿಲೋಮೀಟರ್ ನಡಿಗೆ. ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಒಂದು ಕಾರು ಹೋಗುವಷ್ಟು ರಸ್ತೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಬೇಲಿಗೆ ಅಂಟಿಕೊಂಡು ನಿಲ್ಲಬೇಕು.

ಹೊಳೆ ನದಿಗೆ ಸೇರುವ ಜಾಗದ ಮೇಲೆ ಒಂದು ರೋಮನ್ ಕೋಟೆಯ ಪಳೆಯುಳಿಕೆ ಇದೆ, ಬ್ರೆಕನ್ ಗಾಯರ್ ಅಂತಾರೆ. ಹೊಲದ ಮಧ್ಯೆ ಕಲ್ಲಿನ ಹೆಬ್ಬಾಗಿಲುಗಳ ತಳಪಾಯ, ಗೋಡೆಯ ಗುರುತು, ಸುತ್ತ ಕುರಿ. ಸುಮಾರು ಸಾವಿರದ ಒಂಬೈನೂರು ವರ್ಷದ ಹಿಂದೆ ಸ್ಪೇನ್ ಕಡೆಯ ಕುದುರೆ ಸವಾರರ ಪಡೆ ಇಲ್ಲಿ ಬೀಡು ಬಿಟ್ಟಿತ್ತಂತೆ. ಅವರೂ ಒಂಥರಾ ಆನ್‌ಸೈಟ್ ಮೇಲೆ ಬಂದವರೇ. ನಂಗೆ ಮೈ ಜುಮ್ಮೆಂದಿದ್ದು ಮಾತ್ರ ಬೇರೆ ಕಾರಣಕ್ಕೆ. ಈ ಕೋಟೆಯನ್ನ 1924-25ರಲ್ಲಿ ಅಗೆದವರು ಮಾರ್ಟಿಮರ್ ವೀಲರ್. ಅದೇ ವೀಲರ್, ಆಮೇಲೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದು 1947ರಲ್ಲಿ ನಮ್ಮ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನ ಅಗೆದವರು. ಬ್ರಹ್ಮಗಿರಿ ನಮ್ಮೂರಿಂದ ಸೈಕಲ್ ದೂರ. ಅಶೋಕನ ಶಾಸನ ನೋಡೋಕೆ ಅಂತ ಶಾಲೆಯಿಂದ ಕರ್ಕೊಂಡು ಹೋದಾಗ ಮೇಷ್ಟ್ರು ಆ ಹೆಸರು ಹೇಳಿದ್ದರು, ಪರೀಕ್ಷೆಗೆ ಬರುತ್ತೆ ಅಂತ ಬಾಯಿಪಾಠ ಮಾಡಿದ್ದೆ. ಪರೀಕ್ಷೆಗೆ ಬರಲಿಲ್ಲ, ಇಲ್ಲಿ ಬಂತು.

ನನ್ನ ಸಹೋದ್ಯೋಗಿಯ ಅಮ್ಮ ಅಲ್ಲೇ ಹತ್ತಿರದ ಫಾರ್ಮಿನಲ್ಲಿದ್ದರು, ಮೊದಲೇ ಹೇಳಿದ್ದರಿಂದ ಟೀಗೆ ಕರೆದಿದ್ದರು. ಎಪ್ಪತ್ತರ ಹತ್ತಿರದವರು, ಕೈ ನೋಡಿದರೇ ದನ ಕುರಿ ಕೆಲಸ ಮಾಡಿದ ಕೈ ಅಂತ ಗೊತ್ತಾಗ್ತಿತ್ತು. ಟೀ ಜೊತೆಗೆ ಒಣದ್ರಾಕ್ಷಿ ಹಾಕಿದ ವೆಲ್ಷ್ ಕೇಕ್. ಹೆಂಚಿನ ಮೇಲೆ ಸುಡೋದು, ನಮ್ಮ ಸಿಹಿ ರೊಟ್ಟಿಯ ದೂರದ ನೆಂಟ. 2017ರ ಬಗ್ಗೆ ಕೇಳಿದೆ. ಅವರಿಗೆ ಅದು ತಮಾಷೆಯ ವಿಷಯ ಆಗಿರಲಿಲ್ಲ.

ಪೇಪರಿನವರು ಇಲ್ಲಿನ ಜನಕ್ಕೆ ಆಸಕ್ತಿ ಇಲ್ಲ ಅಂತ ಬರೆದರು, ಅದು ಸುಳ್ಳು ಅಂದರು. ಹಿಮ ಬಿದ್ದಾಗ ರಸ್ತೆ ತೆರವಾಗದಿದ್ದರೆ, ಶಾಲೆ ಬಸ್ಸು ನಿಂತರೆ ಎಲ್ಲರಿಗೂ ಆಸಕ್ತಿ ಇರುತ್ತೆ. ಆದರೆ ಪಕ್ಕದವರು ನಿಲ್ತಾರೆ ಅಂತ ಇವರು, ಇವರು ನಿಲ್ತಾರೆ ಅಂತ ಪಕ್ಕದವರು. ಇನ್ನೊಂದು ಮಾತನ್ನ ಅವರು ಸ್ವಲ್ಪ ತಡೆದು ಹೇಳಿದರು. "ಇಲ್ಲಿ ಎಲ್ಲರಿಗೂ ಎಲ್ಲರೂ ಬೇಕು. ಅವರ ವಿರುದ್ಧ ನಿಂತು ನಾಳೆ ಕುರಿ ಸಂತೆಯಲ್ಲಿ ಮುಖ ಹೇಗೆ ತೋರಿಸೋದು? ನಿಲ್ಲದೇ ಇರೋದು ಮರ್ಯಾದೆ ಅಂತ ನಾವು ಅಂದ್ಕೊಂಡಿದ್ವಿ."

ಮರ್ಯಾದೆ. ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನಂಗೆ ಕೇಳಿಸಿದ್ದು ನಮ್ಮ ಜಗಲಿಯ ಮೇಲಿನ ಕನ್ನಡ. ನಾನು ಅವರಿಗೆ ಫಾರಂ ಬರೆದ ಕತೆ ಹೇಳಿದೆ. ಯಾರಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಅವರು ಕೇಳಿದ್ದು ಒಂದೇ, "ನಿಮ್ಮ ತಾಯಿ ಆಮೇಲೆ ನಿಂತರಾ?"

ಇಲ್ಲ. 2015ರಲ್ಲೂ ಆ ಸೀಟು ಅವಿರೋಧ, ಅಮ್ಮನ್ನ ಯಾರೂ ಕೇಳಲಿಲ್ಲ. 2020ರಲ್ಲಿ ಮೀಸಲಾತಿ ಬದಲಾಗಿತ್ತು.

ಆ ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಅಮ್ಮನಿಗೆ ಅಸ್ಕಿರ್ ವಿಷಯ ಹೇಳಿದೆ. ಅವಳು ಅಕ್ಕಿ ಆರಿಸ್ತಾ ಇದ್ದಳು. "ಒಬ್ಬರೂ ನಿಲ್ಲಲಿಲ್ವಾ? ಠೇವಣಿನೂ ಇಲ್ಲ? ನಂಗಾದ್ರೂ ಹೇಳಿದ್ರೆ ಬಂದು ನಿಲ್ತಿದ್ದೆ" ಅಂತ ನಕ್ಕಳು. ನಾನು ನಗಲಿಲ್ಲ. "ಅಮ್ಮ, ಅವತ್ತು ನಾನು ಬರೆಯಬಾರದಿತ್ತು" ಅಂದೆ. ಅವಳು ಮೊರದಿಂದ ಮುಖ ಎತ್ತಲಿಲ್ಲ. ತುಂಬ ಹೊತ್ತು ನೆಟ್‌ವರ್ಕ್ ನಿಂತಿದೆಯೇನೋ ಅಂದ್ಕೊಂಡೆ. ಆಮೇಲೆ ಅಂದಳು, "ನೀನು ಬರೀದಿದ್ರೆ ಅವರು ಬರ್ಕೊಂಡು ಬರ್ತಿದ್ರು ಬಿಡು. ಸೋಲ್ತಿದ್ದೆ ಅಂತ ಗೊತ್ತಿತ್ತು ನಂಗೆ. ಎಷ್ಟು ವೋಟು ಬೀಳ್ತಿತ್ತು ಅಂತ ನೋಡ್ಬೇಕಿತ್ತು ಅಷ್ಟೇ."

ನಾನು ವಾಪಸ್ ಬಂದು ಎರಡು ವರ್ಷವಾಯ್ತು. ಹೋದ ತಿಂಗಳು ಊರಿಗೆ ಹೋದಾಗ ಪಂಚಾಯ್ತಿ ಅವಧಿ ಮುಗೀತಾ ಬಂತು, ಮುಂದಿನ ಚುನಾವಣೆ ಬರುತ್ತೆ ಅನ್ನೋ ಮಾತು ಅರಳಿಕಟ್ಟೆಯಲ್ಲಿ ಶುರುವಾಗಿತ್ತು. ಅಮ್ಮ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು. ರೇಷನ್ ಕಾರ್ಡಿನ ಝೆರಾಕ್ಸ್, ಸಂಘದ ಹಳೇ ಪಾಸ್‌ಬುಕ್, ಅದರೊಳಗೆ 2010ರ ಫೋಟೋ ಇನ್ನೂ ನಾಲ್ಕು ಕಾಪಿ. ನೀಲಿ ಪರದೆ, ಕೆಂಪು ಸೀರೆ, ಕಣ್ಣು ಸ್ವಲ್ಪ ಹೆದರಿದಂಗಿದೆ. "ಇದು ನಡೆಯುತ್ತೇನೇ, ಹೊಸದು ತೆಗೆಸ್ಬೇಕಾ?" ಅಂತ ಕೇಳಿದಳು.

ಹೊಸದು ತೆಗೆಸೋಣ ಅಂದೆ. ಸೀಟು ಯಾವ ವರ್ಗಕ್ಕೆ ಬರುತ್ತೋ ಮೀಸಲಾತಿ ಪಟ್ಟಿ ಇನ್ನೂ ಬಂದಿಲ್ಲ. ಅಮ್ಮ ಮಾತ್ರ ವಾರಕ್ಕೊಂದು ಸಲ ಫೋನ್ ಮಾಡಿ, ಪಟ್ಟಿ ಬಂತಾ ನೋಡು ಅಂತಿದ್ದಾಳೆ.